ಅಂಟಿಗೆ-ಪಂಟಿಗೆ: ನೆಲದ ಚರಿತ್ರೆಗೆ ಒಂದು ಸಮೂಹಗಾನದ ಸಾಕ್ಷ್ಯ

ಮಲೆನಾಡಿನ ಚರಿತ್ರೆಯನ್ನು ಬರೆಯಹೊರಟವರಿಗೆ ಆಧಾರಗಳ ಕೊರತೆಯಿಲ್ಲ. ಕೆಳದಿ, ಇಕ್ಕೇರಿ, ಬಿದನೂರು, ಕವಲೇದುರ್ಗಗಳ ಕೋಟೆ ದೇಗುಲಗಳೂ ಶಾಸನಗಳೂ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಹರಡಿಕೊಂಡಿವೆ. ಆದರೆ ಇವು ಬಹುಮಟ್ಟಿಗೆ ನೆಲವನ್ನು ಆಳಿದವರು, ದತ್ತಿ ಬಿಟ್ಟವರು, ಕಂದಾಯವೆತ್ತಿದವರು ಉಳಿಸಿಹೋದ ಆಧಾರಗಳು. ಆ ನೆಲವನ್ನು ಉತ್ತವರು ಅದನ್ನು ಕುರಿತು ಏನು ಭಾವಿಸಿದ್ದರೆಂಬುದನ್ನು ತಿಳಿಯಬೇಕಾದರೆ ನಾವು ಹಾಡಿಗೆ ಕಿವಿಗೊಡಬೇಕಾಗುತ್ತದೆ. ದೀಪಾವಳಿಯ ರಾತ್ರಿಗಳಲ್ಲಿ ಈ ಸೀಮೆಯ ಹಳ್ಳಿಗಳಲ್ಲಿ ನಡೆದುಬಂದಿರುವ ಅಂಟಿಗೆ-ಪಂಟಿಗೆಯನ್ನು ಚರಿತ್ರೆಯ ಆಧಾರವಾಗಿ ಎಷ್ಟರಮಟ್ಟಿಗೆ ಬಳಸಬಹುದೆಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಲು ಯತ್ನಿಸಿದ್ದೇವೆ.

ಮೊದಲು ಆಚರಣೆಯ ಸ್ವರೂಪವನ್ನು ನೋಡೋಣ. ಅಂಟಿಸುವುದೆಂದರೆ ಈ ಭಾಗದ ಆಡುನುಡಿಯಲ್ಲಿ ದೀಪ ಹೊತ್ತಿಸುವುದು. ದೀವರು ಮೊದಲಾದ ಕೃಷಿಕ ಸಮುದಾಯಗಳ ಗಂಡಸರು ಗುಂಪುಗೂಡಿ, ಊರದೇವರ ಸನ್ನಿಧಿಯಲ್ಲಿ ದೀಪ ಹೊತ್ತಿಸಿಕೊಂಡು, ಅದು ಆರದಂತೆ ಕಾಯುತ್ತ ಮನೆಯಿಂದ ಮನೆಗೆ ರಾತ್ರಿಯೆಲ್ಲ ನಡೆಯುತ್ತಾರೆ. ಹಾಡನ್ನು ಬಲ್ಲ ಒಬ್ಬಿಬ್ಬರು ಸೊಲ್ಲನ್ನು ಎತ್ತಿಕೊಡುತ್ತಾರೆ; ಉಳಿದವರು ಒಕ್ಕೊರಲಿನಿಂದ ಅದನ್ನು ಹಿಂಬಾಲಿಸುತ್ತಾರೆ. ಬಾಗಿಲು ತೆರೆಸುವುದಕ್ಕೊಂದು ಹಾಡು, ದೀಪಕ್ಕೊಂದು, ಗೋವಿಗೊಂದು, ಬಲೀಂದ್ರನಿಗೊಂದು. ಮನೆಯವರು ದೀಪಕ್ಕೆ ಎಣ್ಣೆಯೆರೆದು, ಅದರಿಂದ ತಮ್ಮ ದೀಪವನ್ನು ಹೊತ್ತಿಸಿಕೊಂಡು, ಅಕ್ಕಿ, ತೆಂಗಿನಕಾಯಿ, ಕಜ್ಜಾಯಗಳನ್ನು ಕೊಟ್ಟು ಕಳುಹಿಸುತ್ತಾರೆ. ಈ ಹಾಡುಗಳಿಗೆ ಕವಿಯ ಅಂಕಿತವಿಲ್ಲ. ಹಾಡುತ್ತ ಬಂದ ತಲೆಮಾರುಗಳೇ ಇವುಗಳ ಕರ್ತೃಗಳು.

ಈ ಗಾನದ ನಡುವೆ ನಿಂತಿರುವವನು ಬಲಿ ಚಕ್ರವರ್ತಿ. ವಾಮನನು ಮೂರು ಹೆಜ್ಜೆಗಳಲ್ಲಿ ಅಳೆದು ಅವನ ನೆಲವನ್ನು ಪಡೆದುಕೊಂಡನು. ವರ್ಷಕ್ಕೊಮ್ಮೆ ತನ್ನ ನೆಲವನ್ನು ನೋಡಿಹೋಗುವ ಅವಕಾಶ ಮಾತ್ರ ಅವನಿಗೆ ಉಳಿಯಿತು. ಪುರಾಣದ ಈ ಕಥೆ ದೇಶಕ್ಕೆಲ್ಲ ಸಾಮಾನ್ಯವಾದುದು. ಆದರೆ ಅಳತೆಯಿಂದ ನೆಲವನ್ನು ಕಳೆದುಕೊಂಡ ಅರಸನನ್ನು ಗೇಣಿದಾರರು ಪ್ರತಿವರ್ಷವೂ ಹಾಡಿ ಬರಮಾಡಿಕೊಂಡರೆಂಬುದು ಈ ಸೀಮೆಯ ಮಟ್ಟಿಗೆ ಗಮನಾರ್ಹವಾದ ಸಂಗತಿ. ಏಕೆಂದರೆ ಇಲ್ಲಿಯ ಭೂಚರಿತ್ರೆಯು ಬಹುಪಾಲು ಅಳತೆಯ ಚರಿತ್ರೆಯೇ ಆಗಿದೆ.

17ನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕನು ಭೂಮಿಯನ್ನು ಗುಣಾನುಸಾರವಾಗಿ ವರ್ಗೀಕರಿಸಿ, ಇಳುವರಿಯನ್ನು ಪರೀಕ್ಷಿಸಿ ಕಂದಾಯವನ್ನು ಗೊತ್ತುಪಡಿಸಿದನು. ಅದೇ ಪ್ರಸಿದ್ಧವಾದ 'ಶಿಸ್ತು'. 1763ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು. ಅರಸರು ಬದಲಾದರೂ ಅಳೆಯುವವನು ಬೇರೆ, ಅಳೆದುಕೊಡುವವನು ಬೇರೆ ಎಂಬ ಭೇದವು ಅಳಿಯಲಿಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರವೇ ವಿವಾದಕ್ಕೆ ಕಾರಣವಾಯಿತು. ಹೆಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ಸಂಘಟಿತರಾಗಿದ್ದ ಗೇಣಿದಾರರು 1951ರ ಏಪ್ರಿಲ್ 18ರಂದು ಸತ್ಯಾಗ್ರಹವನ್ನು ಆರಂಭಿಸಿದರು. ತೀರ್ಥಹಳ್ಳಿಯ ಕಡೆಯವರಾದ ಶಾಂತವೇರಿ ಗೋಪಾಲಗೌಡರು ಅದಕ್ಕೆ ಬೆಂಬಲವಾಗಿ ನಿಂತರು. ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಬಂಧಿತರಾದರು. ಉಳುವವನಿಗೆ ಒಡೆತನ ಕೊಡುವ ತಿದ್ದುಪಡಿ ಕಾಯಿದೆ ಜಾರಿಗೆ ಬಂದುದು 1974ರ ಮಾರ್ಚ್ 1ರಂದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಬಲೀಂದ್ರನ ಹಾಡೇ ಕಾಗೋಡಿನ ಹೋರಾಟಕ್ಕೆ ಪ್ರೇರಣೆಯೆಂದು ಹೇಳುವುದು ಆಧಾರವಿಲ್ಲದ ಮಾತಾದೀತು. ಹಾಡು ಇಸವಿಯನ್ನು ಹೇಳುವುದಿಲ್ಲ. ಕೊಳಗದ ಲೆಕ್ಕವನ್ನೂ ಇಡುವುದಿಲ್ಲ. ನೆಲವು ಕೈತಪ್ಪಿದ ಮೇಲೆಯೂ ಅದರೊಡನೆ ಸಂಬಂಧ ತಪ್ಪುವುದಿಲ್ಲವೆಂಬ ನಂಬಿಕೆಯೊಂದು ಜನಮನದಲ್ಲಿ ಜೀವಂತವಾಗಿದ್ದಿತೆಂಬುದಕ್ಕೆ ಮಾತ್ರ ಅದು ಸಾಕ್ಷಿ. ಆದರೆ ಅಂತಹ ಸಾಕ್ಷ್ಯವನ್ನು ಕಡತಗಳು ಕೊಡಲಾರವು.

ಹಾಡಿನ ಪಠ್ಯಕ್ಕಿಂತಲೂ ಬೆಲೆಯುಳ್ಳ ಇನ್ನೊಂದು ಆಧಾರವು ಅದರ ದಾರಿಯಲ್ಲಿದೆ. ದೀಪವು ಯಾವ ಮನೆಯಿಂದ ಯಾವ ಮನೆಗೆ ಹೋಯಿತು, ಯಾವ ಹಳ್ಳವನ್ನು ದಾಟಿತು, ಎಲ್ಲಿ ಹಿಂದಿರುಗಿತು ಎಂಬುದು ಊರಿನ ಎಲ್ಲೆಯನ್ನೂ ಮನೆಗಳ ಸಂಬಂಧವನ್ನೂ ಸೂಚಿಸುವ ಒಂದು ಭೂಪಟವೇ ಸರಿ. ಈ ಭೂಪಟವನ್ನು ಒರೆಸಿದುದು ಅರಸರಲ್ಲ, ನೀರು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊಸನಗರ, ಸಾಗರ ತಾಲ್ಲೂಕುಗಳಲ್ಲಿ ಹರಿಯುವ ಶರಾವತಿಗೆ 1948ರ ವೇಳೆಗೆ ಹಿರೇಭಾಸ್ಕರ ಅಣೆಕಟ್ಟು ಸಿದ್ಧವಾಯಿತು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಆ ಹಳೆಯ ಕಟ್ಟೆಯೇ ಮುಳುಗಿಹೋಯಿತು. 1819 ಅಡಿಗಳ ಮಟ್ಟದವರೆಗೆ ನಿಲ್ಲುವ ಆ ನೀರು ಸುಮಾರು 300 ಚದರ ಕಿಲೋಮೀಟರುಗಳಷ್ಟು ನೆಲವನ್ನು ಆವರಿಸಿತು. ನಾಡಿಗೆ ಬೆಳಕು ಬಂದಿತು. ಗದ್ದೆ, ತೋಟ, ದೇವರಬನಗಳೊಡನೆ ದೀಪ ನಡೆಯುತ್ತಿದ್ದ ದಾರಿಗಳೂ ಮುಳುಗಿದುವು. ಸಂತ್ರಸ್ತರಲ್ಲಿ ಅನೇಕರು ಜಿಲ್ಲೆಯ ಬೇರೆಡೆಗಳಲ್ಲಿ ನೆಲೆಸಿದರು. ಅವರ ಹಕ್ಕುಪತ್ರದ ಪ್ರಶ್ನೆ ದಶಕಗಳ ಕಾಲ ಇತ್ಯರ್ಥವಾಗದೆ ಉಳಿಯಿತು. ಹಿನ್ನೀರಿನಾಚೆ ಉಳಿದ ತುಮರಿಯ ಸುತ್ತಣ ಹಳ್ಳಿಗಳಿಗೆ ಸೇತುವೆ ದೊರೆತುದು 2025ರ ಜುಲೈ 14ರಂದು.

ಚದುರಿದ ಊರಿನವರು ಹಾಡನ್ನು ಹೊತ್ತೊಯ್ಯಬಹುದು, ದಾರಿಯನ್ನು ಹೊತ್ತೊಯ್ಯಲಾರರು. ಅಣೆಕಟ್ಟಿನ ಕಡತಗಳಲ್ಲಿ ಮುಳುಗಿದ ಎಕರೆಗಳ ಲೆಕ್ಕವಿದೆ, ಪರಿಹಾರದ ಲೆಕ್ಕವಿದೆ. ಒಂದೇ ದೀಪದಿಂದ ಹೊತ್ತಿಸಿಕೊಳ್ಳುತ್ತಿದ್ದ ಮನೆಗಳ ಲೆಕ್ಕವಿಲ್ಲ. ಅದು ಮುಳುಗಡೆಯ ಮುನ್ನ ದೀಪದ ಹಿಂದೆ ನಡೆದವರ ನೆನಪಿನಲ್ಲಿ ಮಾತ್ರ ಇದೆ. ಅಂದು ಬಾಲಕರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ.

ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಈ ಸೀಮೆಯ ಮನೆಗಳಿಂದ ಬಂದವರು ಅನೇಕರಿದ್ದಾರೆ. ಹಾಡನ್ನು ಬರೆದುಕೊಳ್ಳುವಾಗ ಅವರು ಸಾಹಿತ್ಯವನ್ನಷ್ಟೇ ಬರೆದುಕೊಳ್ಳದೆ ದೀಪವು ಎಲ್ಲಿಂದ ಹೊರಟಿತು, ಯಾರ ಮನೆಗೆ ಬಂದಿತು, ಎಲ್ಲಿ ತಂಗಿತು ಎಂದು ಹಿರಿಯರನ್ನು ಕೇಳಿ, ಆ ದಾರಿಯನ್ನೂ ಗುರುತುಹಾಕಿಕೊಳ್ಳಬೇಕು. ಶಾಸನವನ್ನು ಮುಂದಿನ ವರ್ಷವೂ ಹೋಗಿ ಓದಬಹುದು. ಈ ಆಧಾರಕ್ಕೆ ಅಷ್ಟು ಕಾಲಾವಕಾಶವಿಲ್ಲ.