ಆಲಿಸ್ ಹ್ಯಾಮಿಲ್ಟನ್: ಕಾರ್ಖಾನೆಯ ವಿಷವನ್ನು ಲೆಕ್ಕಕ್ಕೆ ತಂದ ವೈದ್ಯೆ

ಕೆಲಸಗಾರರಿಗೆ ಸೀಸದ ವಿಷ ಏರಿದರೆ ಅದು ಅವರದೇ ತಪ್ಪು, ಕೈ ತೊಳೆಯದೆ ಊಟಕ್ಕೆ ಕೂರುತ್ತಾರೆ. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಹಲವು ಕಾರ್ಖಾನೆ ಮಾಲೀಕರು ಹೇಳುತ್ತಿದ್ದುದು ಇದನ್ನೇ. ವಿಷ ಇರುವುದು ಕಾರ್ಖಾನೆಯ ದೂಳು ಮತ್ತು ಹೊಗೆಯಲ್ಲಿ ಎಂದು ದಾಖಲೆ ಸಮೇತ ತೋರಿಸಿಕೊಟ್ಟವರು ಡಾ. ಆಲಿಸ್ ಹ್ಯಾಮಿಲ್ಟನ್. ಕೆಲಸದಿಂದ ಬರುವ ಕಾಯಿಲೆಗಳನ್ನು ಅಧ್ಯಯನ ಮಾಡುವ ಔದ್ಯೋಗಿಕ ವೈದ್ಯಶಾಸ್ತ್ರಕ್ಕೆ ಅಮೆರಿಕದಲ್ಲಿ ಬುನಾದಿ ಹಾಕಿದವರಲ್ಲಿ ಅವರು ಪ್ರಮುಖರು.

ಹಿನ್ನೆಲೆ

1869ರ ಫೆಬ್ರವರಿ 27ರಂದು ನ್ಯೂಯಾರ್ಕ್‌ನಲ್ಲಿ ಜನಿಸಿದ ಹ್ಯಾಮಿಲ್ಟನ್ ಬೆಳೆದಿದ್ದು ಇಂಡಿಯಾನಾ ರಾಜ್ಯದ ಫೋರ್ಟ್ ವೇನ್‌ನಲ್ಲಿ. 1893ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದರು. 1897ರಲ್ಲಿ ಷಿಕಾಗೊಗೆ ಬಂದು, ಬಡ ವಲಸಿಗರ ನಡುವೆ ಜೇನ್ ಆಡಮ್ಸ್ ನಡೆಸುತ್ತಿದ್ದ ‘ಹಲ್ ಹೌಸ್’ ಸೇವಾಕೇಂದ್ರದಲ್ಲಿ ನೆಲೆಸಿದರು. ದುಡಿಯುವ ಜಾಗವೇ ಕಾಯಿಲೆ ತರುವುದನ್ನು ಅವರು ಹತ್ತಿರದಿಂದ ಕಂಡಿದ್ದು ಇಲ್ಲಿಯೇ.

578 ಪ್ರಕರಣಗಳು

1910ರಲ್ಲಿ ಇಲಿನಾಯ್ಸ್ ರಾಜ್ಯವು ಔದ್ಯೋಗಿಕ ಕಾಯಿಲೆಗಳ ಸಮೀಕ್ಷೆ ಕೈಗೊಂಡಾಗ ಸೀಸದ ಉದ್ಯಮಗಳ ಹೊಣೆ ಹ್ಯಾಮಿಲ್ಟನ್ ಅವರದಾಯಿತು. ಆಗ ಇಂಥ ಕಾಯಿಲೆಗಳ ಸರಿಯಾದ ಲೆಕ್ಕವೇ ಇರಲಿಲ್ಲ. ಅವರು ಕಾರ್ಖಾನೆಗಳನ್ನು ಸುತ್ತಿದರು, ಆಸ್ಪತ್ರೆ ದಾಖಲೆಗಳನ್ನು ತಿರುವಿ ಹಾಕಿದರು, ಕಾರ್ಮಿಕರ ಮನೆಗಳಿಗೇ ಹೋಗಿ ವಿಚಾರಿಸಿದರು. ಸೀಸದ ವಿಷಬಾಧೆಯ 578 ಪ್ರಕರಣಗಳು ದಾಖಲಾದವು. 1911ರಲ್ಲಿ ರಾಜ್ಯವು ಕಾನೂನು ತಂದಿತು. ಅಪಾಯಕಾರಿ ಕೆಲಸಗಳಲ್ಲಿ ಸುರಕ್ಷತಾ ಕ್ರಮ, ಕಾರ್ಮಿಕರಿಗೆ ಪ್ರತಿ ತಿಂಗಳು ವೈದ್ಯಕೀಯ ತಪಾಸಣೆ ಕಡ್ಡಾಯವಾಯಿತು. ಕಾಯಿಲೆ ಕಂಡುಬಂದರೆ ಸರ್ಕಾರಕ್ಕೆ ವರದಿ ಮಾಡಬೇಕಾಯಿತು.

ಹಾರ್ವರ್ಡ್‌ನ ಮೊದಲ ಮಹಿಳೆ

1919ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಅವರನ್ನು ಸಹಾಯಕ ಪ್ರಾಧ್ಯಾಪಕಿಯಾಗಿ ನೇಮಿಸಿತು. ಅಲ್ಲಿ ಬೋಧಕ ಹುದ್ದೆಗೇರಿದ ಮೊದಲ ಮಹಿಳೆ ಅವರು. ಆದರೆ ಬೋಧಕರ ಕ್ಲಬ್‌ಗೆ ಪ್ರವೇಶವಿಲ್ಲ, ಪದವಿ ಪ್ರದಾನ ಸಮಾರಂಭದ ಮೆರವಣಿಗೆಯಲ್ಲಿ ಜಾಗವಿಲ್ಲ ಎಂಬ ಷರತ್ತುಗಳಿದ್ದವು. 1935ರಲ್ಲಿ ನಿವೃತ್ತರಾಗುವವರೆಗೂ ಅವರಿಗೆ ಬಡ್ತಿ ಸಿಗಲಿಲ್ಲ.

ಯಾರೂ ಕೇಳದ ಎಚ್ಚರಿಕೆ

ಪೆಟ್ರೋಲ್‌ಗೆ ಸೀಸದ ಸಂಯುಕ್ತ ಬೆರೆಸುವುದು ಅಪಾಯಕಾರಿ ಎಂದು 1925ರಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ಸರ್ಕಾರಿ ಸಮಾವೇಶದ ವೇಳೆ ಹ್ಯಾಮಿಲ್ಟನ್ ಎಚ್ಚರಿಸಿದ್ದರು. ಆದರೂ ಮಾರಾಟಕ್ಕೆ ಅನುಮತಿ ಸಿಕ್ಕಿತು. ಅಮೆರಿಕದ ರಸ್ತೆ ವಾಹನಗಳಿಗೆ ಸೀಸದ ಪೆಟ್ರೋಲ್ ಪೂರ್ತಿ ನಿಂತಿದ್ದು 1996ರಲ್ಲಿ. ಭಾರತದಲ್ಲಿ ನಿಂತಿದ್ದು 2000ದಲ್ಲಿ.

ಉಳಿದುಹೋದ ಪಾಠ

1970ರ ಸೆಪ್ಟೆಂಬರ್ 22ರಂದು, 101ನೇ ವಯಸ್ಸಿನಲ್ಲಿ ಹ್ಯಾಮಿಲ್ಟನ್ ನಿಧನರಾದರು. ಅದೇ ಡಿಸೆಂಬರ್‌ನಲ್ಲಿ ಅಮೆರಿಕ ರಾಷ್ಟ್ರಮಟ್ಟದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಕಾಯ್ದೆಯನ್ನು ಅಂಗೀಕರಿಸಿತು.

ಭಾರತದ 1948ರ ಕಾರ್ಖಾನೆ ಕಾಯ್ದೆಯಲ್ಲೂ ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿ ಇತ್ತು. ಅದರಲ್ಲಿ ಮೊದಲ ಹೆಸರೇ ಸೀಸದ ವಿಷಬಾಧೆ. ಆದರೆ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಎಷ್ಟೋ ಸಣ್ಣ ಘಟಕಗಳು ಯಾವ ದಾಖಲೆಯಲ್ಲೂ ಇಲ್ಲ. ಅಲ್ಲಿ ದುಡಿಯುವವರ ಕಾಯಿಲೆ ಲೆಕ್ಕಕ್ಕೆ ಬರಬೇಕಾದರೆ, ಹ್ಯಾಮಿಲ್ಟನ್ ಅವರಂತೆ ಮನೆ ಬಾಗಿಲಿಗೇ ಹೋಗಿ ಕೇಳುವವರು ಬೇಕು.