ಅರೆತಲೆನೋವು ಮತ್ತು ಶಸ್ತ್ರಚಿಕಿತ್ಸೆ

ಅರೆತಲೆನೋವನ್ನು ಶಸ್ತ್ರದಿಂದ ಕಳೆಯಬೇಕೆಂಬ ಹಂಬಲ ಬಹು ಹಳೆಯದು. ಸಾವಿರ ವರ್ಷಗಳ ಹಿಂದೆಯೇ ಸ್ಪೇನಿನ ಅರಬ್ ವೈದ್ಯ ಅಲ್-ಜಹ್ರಾವಿ ಕಾದ ಕಬ್ಬಿಣದ ಬರೆಯನ್ನೂ, ಕಣತಲೆಯನ್ನು ಸೀಳಿ ಬೆಳ್ಳುಳ್ಳಿಯ ಎಸಳನ್ನು ಹುದುಗಿಸುವ ಕ್ರಮವನ್ನೂ ಬರೆದಿಟ್ಟಿದ್ದಾನೆ. (ಬರೆ ಹಾಕುವ ಪದ್ಧತಿ ನಮ್ಮ ಹಳ್ಳಿಗಳಲ್ಲಿಯೂ ಇದ್ದುದು ಹಿರಿಯರಿಗೆ ನೆನಪಿರಬಹುದು.) ಇಂಗ್ಲೆಂಡಿನ ತತ್ತ್ವಜ್ಞಾನಿ ಆನ್ ಕಾನ್ವೇ ಈ ನೋವಿನಿಂದ ಎಷ್ಟು ಬೆಂದಿದ್ದಳೆಂದರೆ, ತಲೆಬುರುಡೆಯನ್ನೇ ಕೊರೆಯಿಸಿಕೊಳ್ಳಲು 1656ರಲ್ಲಿ ಫ್ರಾನ್ಸಿಗೆ ಹೋದಳು. ಅಲ್ಲಿಯ ವೈದ್ಯರಿಗೆ ಧೈರ್ಯ ಸಾಲಲಿಲ್ಲ. ಕೊರಳ ರಕ್ತನಾಳವನ್ನು ಕೊಯ್ದು ಕಳುಹಿಸಿದರು. 1679ರಲ್ಲಿ ಸಾಯುವವರೆಗೂ ನೋವು ಅವಳನ್ನು ಬಿಡಲಿಲ್ಲ.

ನಮ್ಮ ಕಾಲದ ಕಥೆ ಅಮೆರಿಕದ ಕ್ಲೀವ್‌ಲ್ಯಾಂಡಿನದು. ಹಣೆಯ ಸುಕ್ಕು ತೆಗೆಸಿಕೊಂಡ ಕೆಲವರಿಗೆ ತಲೆನೋವೂ ಹೋಯಿತೆಂಬುದನ್ನು ಪ್ಲಾಸ್ಟಿಕ್ ಸರ್ಜನ್ ಬಹ್ಮನ್ ಗುಯುರಾನ್ 2000ದಲ್ಲಿ ಪ್ರಕಟಿಸಿದರು. ಹುಬ್ಬಿನ ಸ್ನಾಯು ನರವನ್ನು ಅದುಮುತ್ತದೆ, ಅದನ್ನು ತೆಗೆದರೆ ನರಕ್ಕೆ ಬಿಡುಗಡೆ ಎಂಬುದು ಅವರ ವಾದ. 2009ರಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿ 49 ಮಂದಿಗೆ ನಿಜವಾದ ಶಸ್ತ್ರಕ್ರಿಯೆ, 26 ಮಂದಿಗೆ ಸ್ನಾಯುವನ್ನು ಮುಟ್ಟದೆ ಬರಿದೆ ಕೊಯ್ದು ಹೊಲಿಯುವ ಹುಸಿ ಶಸ್ತ್ರಕ್ರಿಯೆ. ವರ್ಷದ ಬಳಿಕ ನೋವು ಪೂರ್ತಿ ಹೋದವರು ಮೊದಲ ಗುಂಪಿನಲ್ಲಿ ಶೇ. 57, ಎರಡನೆಯದರಲ್ಲಿ ಶೇ. 4. ಆದರೆ ನೋವು ಅರ್ಧಕ್ಕಾದರೂ ಇಳಿದವರು ಹುಸಿ ಗುಂಪಿನಲ್ಲಿಯೂ ಶೇ. 58 ಇದ್ದರು! ನನ್ನನ್ನು ತಡೆದು ನಿಲ್ಲಿಸಿದ್ದು ಈ ಅಂಕಿ. ಅವರ ನೋವು ಸುಳ್ಳೆಂದು ಇದರ ಅರ್ಥವಲ್ಲ. ನಂಬಿಕೆಗೂ ಅಷ್ಟು ಬಲವಿದೆ. ಅಮೆರಿಕದ ತಲೆನೋವು ತಜ್ಞರ ಸಂಘವು 2013ರಲ್ಲಿ, ಸಂಶೋಧನೆಯ ಹೊರಗೆ ಈ ಚಿಕಿತ್ಸೆ ಬೇಡವೆಂದು ಹೇಳಿತು.

ಇದೇ ಶಸ್ತ್ರಕ್ರಿಯೆಗೆ ಮನಸ್ಸು ಮಾಡಿದ್ದ ಹಳೆಯ ವಿದ್ಯಾರ್ಥಿನಿಯೊಬ್ಬಳು ನನ್ನ ಅಭಿಪ್ರಾಯ ಕೇಳಿದ್ದಳು. 2018ರಿಂದ ಬಂದಿರುವ ಹೊಸ ಚುಚ್ಚುಮದ್ದುಗಳ ವಿಷಯವನ್ನು ಮೊದಲು ನರರೋಗ ತಜ್ಞರಲ್ಲಿ ವಿಚಾರಿಸಮ್ಮಾ ಎಂದು ಬರೆದಿದ್ದೇನೆ.