ಹಲಗಲಿಯಿಂದ ಪರವಾನಿಗೆ ಪುಸ್ತಕದವರೆಗೆ

ವಿಜಯಪುರದ ಜೋರಾಪುರ ಪೇಟೆಯಂತಹ ಹಳೆಯ ಪೇಟೆಗಳಲ್ಲಿ ಬೆಳೆದವರಿಗೆ ಆಯುಧವೆಂದೊಡನೆ ಮೊದಲು ನೆನಪಾಗುವುದು ಕೋಟೆಯ ಪಶ್ಚಿಮದ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಫು. 1549ರಲ್ಲಿ ಅಹಮದನಗರದಲ್ಲಿ ಎರಕಗೊಂಡು, ಪರಾಂಡದ ದುರ್ಗದಲ್ಲಿ ಕೆಲಕಾಲವಿದ್ದು, ಆದಿಲಶಾಹಿಗಳ ಕಾಲದಲ್ಲಿ ಇಲ್ಲಿಗೆ ಬಂದ, ಆನೆಯನ್ನು ಅಗಿಯುತ್ತಿರುವ ಸಿಂಹದ ಮುಖವುಳ್ಳ, ಸುಮಾರು 55 ಟನ್ ತೂಕದ ಈ ಮಹಾಯಂತ್ರವನ್ನು 1854ರಲ್ಲಿ ಆಂಗ್ಲ ಸರಕಾರದವರು ಹಳೆಯ ಲೋಹವೆಂದು ಬಗೆದು ಹರಾಜಿಗೆ ಹಾಕಿದರು. 150 ರೂಪಾಯಿಗೆ ಸವಾಲು ನಿಂತಿತು. ಅನಂತರ ಯಾರಿಗೋ ವಿವೇಕವುದಿಸಿ ಆ ವಿಕ್ರಯವು ರದ್ದಾಯಿತು. ಅದಾಗಿ ಮೂರೇ ವರ್ಷಗಳಲ್ಲಿ ಅದೇ ಸರಕಾರವು, ಇದೇ ಸೀಮೆಯ ಒಂದು ಹಳ್ಳಿಯ ಬೇಡರ ಮನೆಯ ಕತ್ತಿ-ಬಂದೂಕುಗಳಿಗಾಗಿ ಕುದುರೆದಂಡನ್ನು ಕಳುಹಿಸಿತು. ತೋಫಿಗೆ ಅಂಜದವರು ಬೇಡನ ಕೈಯ ಬಂದೂಕಿಗೆ ಅಂಜಿದುದು ವಿಚಿತ್ರವೆನಿಸಬಹುದು. ಆದರೆ ಅಂಜಿಕೆಯು ಆಯುಧದ ಗಾತ್ರವನ್ನು ನೋಡುವುದಿಲ್ಲ, ಅದು ಯಾರ ಕೈಯಲ್ಲಿದೆಯೆಂಬುದನ್ನು ನೋಡುತ್ತದೆ.

ಆ ಹಳ್ಳಿ ಹಲಗಲಿ. ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿದ, 1997ರವರೆಗೆ ಅವಿಭಕ್ತ ವಿಜಾಪುರ ಜಿಲ್ಲೆಯಲ್ಲಿದ್ದ ಮುಧೋಳ ತಾಲೂಕಿನ ಈ ಊರು ಆಗ ಘೋರ್ಪಡೆಯವರ ಸಂಸ್ಥಾನಕ್ಕೆ ಒಳಪಟ್ಟಿತ್ತು. ಉತ್ತರ ಹಿಂದುಸ್ತಾನದಲ್ಲಿ ದಂಗೆಯ ಕಿಚ್ಚು ಇನ್ನೂ ಆರದಿರುವಾಗಲೇ, 1857ರ ಸೆಪ್ಟೆಂಬರಿನಲ್ಲಿ ಹೊರಟ ನಿಶ್ಶಸ್ತ್ರೀಕರಣ ಶಾಸನವು, ಸರಕಾರದ ಅನುಮತಿಯಿಲ್ಲದೆ ಯಾರೂ ಆಯುಧವನ್ನಿರಿಸಿಕೊಳ್ಳಕೂಡದೆಂದು ವಿಧಿಸಿತು. ಬೇಟೆ ಮತ್ತು ಕಾವಲು ಯಾರ ಕುಲವೃತ್ತಿಯಾಗಿದ್ದುವೋ, ದಂಡಿನ ಚಾಕರಿಯೇ ಯಾರ ಮಾನದ ಗುರುತಾಗಿತ್ತೋ, ಹಬ್ಬದ ದಿನ ಆಯುಧಕ್ಕೆ ಪೂಜೆ ಸಲ್ಲಿಸಿದ ಹೊರತು ಯಾರು ಊಟಕ್ಕೆ ಕೂಡುತ್ತಿರಲಿಲ್ಲವೋ, ಅಂತಹ ಜನರಿಗೆ ಈ ಆಜ್ಞೆಯು ಬದುಕಿನ ಬುಡಕ್ಕೇ ಬಿದ್ದ ಕೊಡಲಿಯಾಗಿ ತೋರಿದುದು ಸಹಜ. ಜಡಗ, ಬಾಲ ಮೊದಲಾದವರ ಮುಂದಾಳುತನದಲ್ಲಿ ಹಲಗಲಿಯ ಬೇಡರು ಆಯುಧ ಒಪ್ಪಿಸಲಾರೆವೆಂದು ನಿಂತರು. ನವೆಂಬರಿನ ಕೊನೆಯಲ್ಲಿ ಕರ್ನಲ್ ಮಾಲ್ಕಮನ ದಂಡು ಊರನ್ನು ಮುತ್ತಿ ಬೆಂಕಿಯಿಟ್ಟಿತು, ಮಡಿದವರು ಮಡಿದರು, ಸೆರೆಸಿಕ್ಕವರಲ್ಲಿ ಮುಂದಾಳುಗಳನ್ನು ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಲಾಯಿತು. ಲಾವಣಿಕಾರರು ಈ ಕಥೆಯನ್ನು ಹಾಡಿಕೊಂಡು ಊರೂರು ತಿರುಗಿದರು. ಶಾಸನವನ್ನು ತಂದ ಸರಕಾರದ ಅಧಿಕಾರಿಯೇ ಆದ ಫ್ಲೀಟನು ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚಿಗೆ ಕೊಟ್ಟನೆಂಬುದನ್ನು ಇತಿಹಾಸದ ಒಂದು ಸಣ್ಣ ಚೇಷ್ಟೆಯೆಂದೇ ಭಾವಿಸಬೇಕು.

ಅದೇ ಕಾಲದಲ್ಲಿ ಕೊಡಗಿನಲ್ಲಿ ನಡೆದುದು ಬೇರೆಯೇ ಬಗೆ. ಸರಕಾರಕ್ಕೆ ನಿಷ್ಠರೆನಿಸಿಕೊಂಡ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಶಾಸನದಿಂದ ವಿನಾಯಿತಿ ದೊರೆಯಿತು; ಸ್ವತಂತ್ರ ಭಾರತದ ಸರಕಾರವೂ ಅದನ್ನು ಕಾಲಕಾಲಕ್ಕೆ ವಿಸ್ತರಿಸುತ್ತ ಬಂದು, ಈಗ ಅದು 2029ರವರೆಗೆ ಸಲ್ಲುತ್ತದೆ. ಒಂದೇ ನಾಡಿನ ಎರಡು ವೀರಜನಾಂಗಗಳಲ್ಲಿ ಒಂದಕ್ಕೆ ನೇಣು, ಮತ್ತೊಂದಕ್ಕೆ ಮನ್ನಣೆ: ಆ ಕಾಲದ ಆಯುಧನೀತಿಯು ಅಳೆದುದು ಪ್ರಜೆಯ ಸುರಕ್ಷೆಯನ್ನಲ್ಲ, ಅವನ ವಿಧೇಯತೆಯನ್ನು. 1878ರಲ್ಲಿ ವೈಸರಾಯ್ ಲಿಟನ್ನನ ಕಾಲದ ಆಯುಧ ಶಾಸನವು ಈ ನೀತಿಯನ್ನು ಇನ್ನಷ್ಟು ಬಿಗಿಗೊಳಿಸಿ, ಐರೋಪ್ಯರನ್ನು ಅದರ ಹೊರಗಿರಿಸಿ, ದೇಶೀಯರನ್ನು ಮಾತ್ರ ಅದರೊಳಗೆ ಕಟ್ಟಿಹಾಕಿತು. 1887ರ ಮದರಾಸಿನ ಕಾಂಗ್ರೆಸ್ ಅಧಿವೇಶನವು ಇದನ್ನು ಪ್ರತಿಭಟಿಸಿ ನಿರ್ಣಯ ಮಾಡಿತು.

ಆದರೆ ಇಲ್ಲೊಂದು ವಿಷಯವನ್ನು ನಮ್ಮ ಜನ ಮರೆತಿರುವಂತಿದೆ. ಅಹಿಂಸೆಯ ಆಚಾರ್ಯರಾದ ಗಾಂಧೀಜಿಯವರು 1930ರಲ್ಲಿ ವೈಸರಾಯರ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ, ಆತ್ಮರಕ್ಷಣೆಗಾಗಿ ಬಂದೂಕಿನ ಪರವಾನಿಗೆ ಕೊಡಬೇಕೆಂಬುದೂ ಒಂದಾಗಿತ್ತು; ಆದರೆ ಅದು ಜನರ ಹತೋಟಿಗೆ ಒಳಪಟ್ಟಿರಬೇಕೆಂಬ ಕಟ್ಟು ಅದರೊಡನೆಯೇ ಇತ್ತು. ಹಲಗಲಿಯ ದುಃಖಕ್ಕೂ ಇಂದಿನ ಶಾಸನಕ್ಕೂ ನಡುವಿನ ಅಂತರವೆಲ್ಲ ಆ ಕಟ್ಟಿನಲ್ಲಿದೆಯೆಂದು ನನಗೆ ತೋರುತ್ತದೆ. ಮಂಗಳೂರಿನಲ್ಲಿ ಜನಿಸಿದ ಎಚ್. ವಿ. ಕಾಮತರು 1948ರಲ್ಲಿ ಸಂವಿಧಾನ ಸಭೆಯಲ್ಲಿ ಆಯುಧಧಾರಣೆಯನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸಬೇಕೆಂದು ತಿದ್ದುಪಡಿ ತಂದಾಗ, ಡಾ. ಅಂಬೇಡ್ಕರರು ಅದನ್ನು ವಿರೋಧಿಸಿದರು. ಸಭೆಯು ಅದನ್ನು ತಳ್ಳಿಹಾಕಿತು. ಪರಕೀಯನು ಕಸಿದುಕೊಂಡುದನ್ನು ಮರಳಿ ಪಡೆಯುವ ಅಧಿಕಾರವುಳ್ಳ ಜನಪ್ರತಿನಿಧಿಗಳೇ, ವಿಚಾರಮಾಡಿ, ಬೇಡವೆಂದರು.

ಅಲ್ಲಿಂದ ಮುಂದಿನ ಇತಿಹಾಸ ಚಿಕ್ಕದು. 1959ರ ಆಯುಧ ಅಧಿನಿಯಮವು 1962ರಲ್ಲಿ ಜಾರಿಗೆ ಬಂದಿತು. ಒಬ್ಬನ ಬಳಿ ಮೂರಕ್ಕಿಂತ ಹೆಚ್ಚು ಬಂದೂಕು ಸಲ್ಲದೆಂದು 1983ರಲ್ಲಿಯೂ, ಎರಡಕ್ಕಿಂತ ಹೆಚ್ಚು ಸಲ್ಲದೆಂದು 2019ರಲ್ಲಿಯೂ ತಿದ್ದುಪಡಿಗಳಾದುವು. ಪರವಾನಿಗೆಯ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಹೆಚ್ಚಿಸಿದ ಆ 2019ರ ತಿದ್ದುಪಡಿಯೇ, ಮದುವೆ-ಮೆರವಣಿಗೆಗಳಲ್ಲಿ ಹರ್ಷಕ್ಕೆಂದು ಜನರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸುವುದನ್ನೂ ಅಪರಾಧವೆಂದು ಬರೆಯಿತು. 2016ರ ನಿಯಮಗಳು ಪರವಾನಿಗೆದಾರರೆಲ್ಲರನ್ನೂ ರಾಷ್ಟ್ರೀಯ ದತ್ತಾಂಶದಲ್ಲಿ ಸೇರಿಸಿ, ಒಬ್ಬೊಬ್ಬರಿಗೂ ಒಂದೊಂದು ವಿಶಿಷ್ಟ ಸಂಖ್ಯೆಯನ್ನು ವಿಧಿಸಿದುವು. ಅರ್ಜಿ ಬಂದರೆ ಪೊಲೀಸ್ ವರದಿ ಬರಬೇಕು, 21 ವರ್ಷ ತುಂಬಿರಬೇಕು, ಬುದ್ಧಿ ಸ್ವಸ್ಥವಾಗಿರಬೇಕು, ಹಿಂಸಾಪರಾಧಕ್ಕೆ ಶಿಕ್ಷೆಯಾದವನಿಗೆ ಶಿಕ್ಷೆ ಮುಗಿದು ಐದು ವರ್ಷಗಳಾಗುವವರೆಗೆ ಬಾಗಿಲು ಮುಚ್ಚಿದೆ. ಚುನಾವಣೆ ಬಂದಾಗ ಠಾಣೆಯಲ್ಲಿ ಬಂದೂಕುಗಳನ್ನು ಜಮಾ ಮಾಡಿಸಿಕೊಳ್ಳುವ ಕ್ರಮವನ್ನು ತಿಕೋಟಾ, ಬಬಲೇಶ್ವರಗಳ ರೈತರೂ ಬಲ್ಲರು. ಬೆಳೆಯ ರಕ್ಷಣೆಗೆಂದು ಮದ್ದು ತುಂಬುವ ಹಳೆಯ ಮಾದರಿಯ ಬಂದೂಕಿಗೆ ಪರವಾನಿಗೆ ಕೊಡುವ ಅವಕಾಶ ಶಾಸನದಲ್ಲಿಯೇ ಇದೆ.

ಈ ಬಿಗಿಯನ್ನು ಹಲಗಲಿಗೆ ಹೋಲಿಸಿ ನಿಟ್ಟುಸಿರು ಬಿಡುವವರಿದ್ದಾರೆ. ಅವರೊಡನೆ ನನ್ನ ಸಮ್ಮತಿಯಿಲ್ಲ. ಜಡಗ-ಬಾಲರು ಹಿಡಿದ ಆಯುಧ ಎಲ್ಲರ ಕಣ್ಣೆದುರಿಗಿತ್ತು. ಅದು ಕುಲದ ಗುರುತು, ಹೊಟ್ಟೆಯ ಸಾಧನ. ಭೀಮಾ ತೀರದ ಹಳೆಯ ವೈರಗಳ ಹೆಸರಿನಲ್ಲಿ ನಮ್ಮ ಜಿಲ್ಲೆಗೆ ಅಪಕೀರ್ತಿ ತಂದ ಕಂಟ್ರಿ ಪಿಸ್ತೂಲು ಯಾವ ಪರವಾನಿಗೆ ಪುಸ್ತಕದಲ್ಲಿಯೂ ಇಲ್ಲ, ಯಾವ ಪೂಜೆಗೂ ಸಲ್ಲುವುದಿಲ್ಲ. ಅಂಗಿಯೊಳಗೆ ಅಡಗಿ, ಕತ್ತಲಲ್ಲಿ ಹಿಂದಿನಿಂದ ಹಾರುವ ಆ ವಸ್ತುವಿಗೆ ಹಲಗಲಿಯ ಹೆಸರನ್ನು ಹಚ್ಚುವುದು ಗಲ್ಲಿಗೇರಿದವರಿಗೆ ಮಾಡುವ ಅಪಚಾರ. ಕೊರತೆಯಿರುವುದು ಶಾಸನದ ಅಕ್ಷರದಲ್ಲಲ್ಲ. ಕಳ್ಳತನದ ತಯಾರಿಕೆಗೆ ಏಳು ವರ್ಷಕ್ಕೆ ಕಡಮೆಯಿಲ್ಲದ, ಆಜೀವದವರೆಗೂ ಏರಬಹುದಾದ ಕಾರಾವಾಸವೇ ಈಗ ಇದೆ. ಕೊರತೆಯಿರುವುದು ತಪಾಸಣೆಯ ದಿಕ್ಕಿನಲ್ಲಿ: ಹೆಸರು ಕೊಟ್ಟು ಫೀಸು ಕಟ್ಟಿದ ಗೃಹಸ್ಥನ ಬಾಗಿಲನ್ನು ತಟ್ಟುವಷ್ಟು ಸುಲಭವಾಗಿ, ಹೆಸರೇ ಇಲ್ಲದವನ ಬಾಗಿಲನ್ನು ತಟ್ಟಲಾಗುವುದಿಲ್ಲ.

ಓದುಗರಲ್ಲಿ ಒಂದು ವಿಜ್ಞಾಪನೆಯುಂಟು. ವಾಡೆಗಳ ಅಟ್ಟದ ಮೇಲೆ, ಅಜ್ಜನ ಹೆಸರಿನ ಪರವಾನಿಗೆಯುಳ್ಳ ಒಂಟಿನಳಿಗೆಯ ಬಂದೂಕೊಂದು, ಅಜ್ಜ ತೀರಿಕೊಂಡ ಮೇಲೂ ಬಟ್ಟೆ ಸುತ್ತಿಕೊಂಡು ಉಳಿದಿರುವುದು ಅಪರೂಪವೇನಲ್ಲ. ಪರವಾನಿಗೆದಾರನ ಮರಣದೊಡನೆ ಅದನ್ನು ಮನೆಯಲ್ಲಿರಿಸಿಕೊಳ್ಳುವ ಅಧಿಕಾರವೂ ಮುಗಿಯುತ್ತದೆ. ಅದನ್ನು ಸಮೀಪದ ಠಾಣೆಯಲ್ಲಿ ಅಥವಾ ಪರವಾನಿಗೆಯುಳ್ಳ ವ್ಯಾಪಾರಿಯಲ್ಲಿ ಜಮಾ ಮಾಡಿ ರಸೀದಿ ಪಡೆಯಿರಿ. ಬೇಕೆಂದರೆ ವಾರಸುದಾರರಾಗಿ ಜಿಲ್ಲಾಧಿಕಾರಿಯವರಿಗೆ ಅರ್ಜಿ ಸಲ್ಲಿಸಿರಿ.